ಬ್ರೇಕ್ ಆಯಿಲ್ ಅಂದ್ರೆ ಎಣ್ಣೆ ಅಲ್ಲರೀ

ಹಳೆ ಮಿಲಿಟರಿ ಗಾಡಿ ಇಟ್ಟುಕೊಂಡವರು, ಕೊಳ್ಳಬೇಕು ಅಂತ ಓಡಾಡುತ್ತಿರುವವರು ಇದನ್ನು ಓದಿ. ಹೋದ ಏಪ್ರಿಲ್‌ನಲ್ಲಿ ಬೀದರ್‌ನಿಂದ ಜನವಾಡದ ಕಡೆ ಇಳಿಯುವಾಗ ನನ್ನ ಬ್ರೇಕ್ ಪೆಡಲ್ ನೆಲಕ್ಕೆ ಕೂತುಬಿಟ್ಟಿತು. ಹಿಂದೆ ಒಂದು ಟನ್ನಿಗೂ ಜಾಸ್ತಿ ಶಹಾಬಾದ್ ಫರ್ಸಿ, ಅಂದ್ರೆ ನೆಲಕ್ಕೆ ಹಾಸುವ ಕಲ್ಲು. ಯಾರಿಗೂ ಏನೂ ಆಗಲಿಲ್ಲ. ಆದರೆ ಕಾರಣ ಹೇಳಲು ಈಗಲೂ ನಾಚಿಕೆ ಆಗುತ್ತೆ.

ಗಾಡಿ ಜಬಲ್ಪುರದಲ್ಲಿ ತಯಾರಾದ ನಿಸ್ಸಾನ್ ಒನ್ ಟನ್ ಸಣ್ಣ ಲಾರಿ. ಸೇನೆಯಿಂದ ಹರಾಜಾಗಿ, ಮೂರು ಕೈ ದಾಟಿ ಕಲಬುರಗಿಗೆ ಬಂದದ್ದು. ಪೆಟ್ರೋಲ್ ಎಂಜಿನ್ ತೆಗೆದು ಯಾರೋ ಡೀಸೆಲ್ ಕೂರಿಸಿದ್ದರು. ನಾಲ್ಕೂ ಚಕ್ರಕ್ಕೆ ಡ್ರಮ್, ಆಯಿಲ್ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್, ಎಲ್ಲಕ್ಕೂ ಸೇರಿ ಒಂದೇ ಆಯಿಲ್ ಲೈನ್. ಒಂದು ಕಡೆ ಸೋರಿದರೆ ನಾಲ್ಕೂ ಹೋದವು ಅಂತಲೇ ಲೆಕ್ಕ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದಕ್ಕೆ ದುಡ್ಡು ಹಾಕದೆ ಬೂಸ್ಟರ್ ಹಾಕಿಸಿದೆ, ಯಾಕಂದ್ರೆ ಪೆಡಲ್ ವಿಪರೀತ ಗಟ್ಟಿ, ಊರೊಳಗೆ ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿ ಬಂದರೆ ತೊಡೆ ಹಿಡಿದುಕೊಳ್ಳುತ್ತಿತ್ತು. ಬೂಸ್ಟರ್ ಕೆಲಸ ಮಾಡೋದು ವ್ಯಾಕ್ಯೂಮ್‌ನಿಂದ, ಅಂದ್ರೆ ಗಾಳಿ ಹೀರುವ ಸೆಳೆತದಿಂದ. ಡೀಸೆಲ್ ಎಂಜಿನ್ ತಾನಾಗೇ ಅದನ್ನು ಕೊಡಲ್ಲ ಅಲ್ವಾ, ಅದಕ್ಕೆ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಬೇರೆ ಹುಡುಕಿ ಹಾಕಿಸಿದ್ದಾಯಿತು. ಪೆಡಲ್ ಬೆಣ್ಣೆ ಆಯ್ತು. ಬ್ರೇಕೇ ಹೊಸದಾಯ್ತು ಅಂತ ನಾನು ಹಿಗ್ಗಿದೆ. ಬೂಸ್ಟರ್ ಕಾಲಿನ ಶ್ರಮ ಉಳಿಸುತ್ತೆ, ಅಷ್ಟೇ. ಹಳೆ ಹೋಸ್, ಹಳೆ ಬಕೆಟ್ (ಆಯಿಲ್ ಸೋರದಂತೆ ತಡೆಯುವ ಸಣ್ಣ ರಬ್ಬರ್ ಬಟ್ಟಲು), ಒಂಟಿ ಲೈನ್ ಎಲ್ಲಾ ಇದ್ದ ಹಾಗೇ ಇದ್ದವು.

ಒಂದು ವಾರ, ಹತ್ತು ದಿನ ಆದ ಮೇಲೆ ಪೆಡಲ್ ಇನ್ನೂ ಮೇಲೇ ಹಿಡಿಯತೊಡಗಿತು. ಮುಟ್ಟಿದರೆ ಸಾಕು, ಬ್ರೇಕ್. ನನಗೆ ಖುಷಿಯೋ ಖುಷಿ. ಅದೇ ಮೊದಲ ಸೂಚನೆ ಅಂತ ತಲೆಗೆ ಹೊಳೆಯಲಿಲ್ಲ.

ಜನವಾಡದಲ್ಲಿ ನಮ್ಮ ಕಾಕಾ ಮನೆ ಕಟ್ಟಿಸುತ್ತಿದ್ದರು, 200 ಚದರ ಅಡಿ ಫರ್ಸಿ ಬೇಕು ಅಂದರು. ಒಂದು ಇಂಚು ದಪ್ಪದ ಕಲ್ಲು ಚದರ ಅಡಿಗೆ 6 ಕೆಜಿ ಮೇಲೇ ತೂಗುತ್ತೆ, ಅಲ್ಲಿಗೆ 1,200 ಕೆಜಿ. ಗಾಡಿ ಹೆಸರಲ್ಲೇ ತೂಕ ಬರೆದಿದ್ದರೂ ತುಂಬಿದೆ, ಆ ತಪ್ಪು ನನ್ನದೇ. ಕಮಲಾಪುರ ದಾಟುವಷ್ಟರಲ್ಲಿ ಗಾಡಿ ಎಳೆಯದಂಗಾಯಿತು. ಲೋಡು ಅಂದುಕೊಂಡೆ. ಹುಮನಾಬಾದ್‌ನಲ್ಲಿ ಚಹಾಕ್ಕೆ ನಿಲ್ಲಿಸಿ ಇಳಿದರೆ ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಬಾಟಲಿಯಿಂದ ಹಿಂದಿನ ಎಡ ಡ್ರಮ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಕಾದ ಹಂಚಿನ ಮೇಲೆ ಬಿದ್ದಂಗೆ ಚುರ್ ಅಂದು ಹಾರಿಹೋಯಿತು. ಸಪಾಟು ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ತಳ್ಳಿದರೂ ಗಾಡಿ ಅಲ್ಲಾಡಲಿಲ್ಲ.

ನಮ್ಮ ಮೆಕ್ಯಾನಿಕ್ ಉಸ್ತಾದ್‌ಗೆ ಫೋನ್ ಮಾಡಿದೆ. "ಅಣ್ಣಾರ, ಬೂಸ್ಟರ್ ಪುಶ್ ರಾಡ್ ಉದ್ದ ಆಗ್ಯದ, ಒಳಗ ಮಾಡಿಸ್ರಿ. ಈಗ ನಿಪ್ಪಲ್ ಸಡಿಲ ಮಾಡಿ ಪ್ರೆಶರ್ ಬಿಡ್ರಿ" ಅಂದ. ಬಿಟ್ಟೆ. ಚಕ್ರದ ಹಿಂದಿನ ಆ ಸಣ್ಣ ತಿರುಪಿನಿಂದ ಆಯಿಲ್ ಚಿರ್ ಅಂತ ಸಿಡಿದು ಚಕ್ರ ಬಿಟ್ಟುಕೊಂಡಿತು. ಅವನು ಹೇಳಿದ್ದು ಸುಳ್ಳೂ ಅಲ್ಲ. ಪೆಡಲ್ ಒತ್ತಿದಾಗ ಚಕ್ರಗಳಿಗೆ ಆಯಿಲ್ ನೂಕುವುದು ಮಾಸ್ಟರ್ ಸಿಲಿಂಡರ್, ಅದರ ಪಿಸ್ಟನ್ ತಳ್ಳುವ ಕಡ್ಡಿಯೇ ಪುಶ್ ರಾಡ್. ಅದು ಉದ್ದ ಇದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ, ಸಿಲಿಂಡರ್ ಒಳಗಿನ ಸೂಜಿ ಮೊನೆಯಷ್ಟು ರಂಧ್ರ ಮುಚ್ಚಿಯೇ ಇರುತ್ತೆ, ಬಿಸಿಗೆ ಹಿಗ್ಗಿದ ಆಯಿಲ್ ಡಬ್ಬಿಗೆ ವಾಪಸ್ ಹೋಗಲ್ಲ, ಬ್ರೇಕ್ ತಾನೇ ಹಿಡಿಯುತ್ತೆ, ಹಿಡಿದಷ್ಟೂ ಕಾಯುತ್ತೆ, ಕಾದಷ್ಟೂ ಹಿಡಿಯುತ್ತೆ. ಅಲ್ಲೇ ಗಾಡಿ ಬಿಟ್ಟು ಟೆಂಪೋ ಮಾಡಬೇಕಿತ್ತು. ಕಾಕಾ ಕಾಯ್ತಾರೆ ಅಂತ ಹೊರಟೆ.

ಬೀದರ್ ಊರು ಎತ್ತರದಲ್ಲಿದೆ, ಮಾಂಜ್ರಾ ಬಯಲಿಗೆ ಹೋಗಬೇಕಂದ್ರೆ ಇಳಿಯಲೇಬೇಕು. ಪುಣ್ಯಕ್ಕೆ ಎರಡನೇ ಗೇರಿನಲ್ಲಿದ್ದೆ. ಒತ್ತಿದೆ, ಅರ್ಧ ಹಿಡಿಯಿತು. ಮತ್ತೆ ಒತ್ತಿದೆ, ಖಾಲಿ. ಪಂಪ್ ಹೊಡೆದೆ, ಬೂಟು ತಗಡಿಗೆ ಟಕ್ ಟಕ್ ಬಡಿಯಿತೇ ಹೊರತು ಏನೂ ಇಲ್ಲ. ಗಾಬರಿಗೆ ಕ್ಲಚ್ ಒತ್ತಬೇಡಿ, ಎಂಜಿನ್ ಬಂದ್ ಮಾಡಬೇಡಿ, ನನ್ನನ್ನು ಉಳಿಸಿದ್ದು ಗೇರೇ. ಹ್ಯಾಂಡ್ ಬ್ರೇಕ್ ಎಳೆಯುತ್ತಾ ರಸ್ತೆ ಪಕ್ಕದ ಕೆಂಪು ಮಣ್ಣಿನ ಗುಡ್ಡೆಗೆ ಮೂತಿ ಹಾಕಿದೆ. ಕಲ್ಲೆಲ್ಲಾ ಜಾರಿ ಬಂದು ಕ್ಯಾಬಿನ್ ಬೆನ್ನಿಗೆ ಗುದ್ದಿದ ಸದ್ದು ಇನ್ನೂ ಕಿವಿಯಲ್ಲಿದೆ.

ಬಿಚ್ಚಿದಾಗ ನಿಜ ಗೊತ್ತಾಯಿತು. ಮಾಸ್ಟರ್ ಸಿಲಿಂಡರ್‌ನ ಬಕೆಟ್, ನೀರಲ್ಲಿ ನೆನೆಸಿದ ಕಡಲೆ ಥರ ಉಬ್ಬಿ, ಆ ಸಣ್ಣ ರಂಧ್ರ ಮುಚ್ಚಿಕೊಂಡಿತ್ತು. ಹಿಂದಿನ ಎಡ ಚಕ್ರದ ಬಕೆಟ್ ಮೆತ್ತಗಾಗಿ ತುಟಿ ಹರಿದು, ಆಯಿಲ್ ಪೂರಾ ಟೈರಿಗೆ ಇಳಿದಿತ್ತು. ಬೂಸ್ಟರ್ ಹಾಕಿದ ದಿನ ಲೈನಿನೊಳಗಿನ ಏರ್ ತೆಗೆಯುವಾಗ ಬ್ರೇಕ್ ಆಯಿಲ್ ಸಾಲದೆ, ಗ್ಯಾರೇಜ್ ಹುಡುಗ ಪಕ್ಕದಲ್ಲಿದ್ದ ಟ್ರ್ಯಾಕ್ಟರ್ ಹೈಡ್ರಾಲಿಕ್ ಎಣ್ಣೆ ಸುರಿದಿದ್ದ. "ಹೈಡ್ರಾಲಿಕ್ ಬ್ರೇಕ್ ಅದ ಅಲ್ರಿ ಅಣ್ಣಾರ, ಅದಕ್ಕೇ ಹಾಕೀನ್ರಿ" ಅಂದ. ಅವನನ್ನು ಬೈಯಲು ಬಾಯಿ ಬರಲಿಲ್ಲ. ಬ್ರೇಕ್ ಎಣ್ಣೆಯಲ್ಲೇ ಮುಳುಗಿರುವ ಆಯಿಲ್ ಬ್ರೇಕ್ ಟ್ರ್ಯಾಕ್ಟರ್ ನೋಡುತ್ತಾ ಬೆಳೆದ ಹುಡುಗ, ನಾವೆಲ್ಲಾ ಬೇರೆ ಇದಕ್ಕೆ ಆಯಿಲ್ ಅಂತಲೇ ಹೆಸರಿಟ್ಟಿದ್ದೇವೆ. ಡಾಟ್ 3, ಡಾಟ್ 4 ಅಂತ ಡಬ್ಬಿ ಮೇಲೆ ಇರುವುದು ಎಣ್ಣೆಯೇ ಅಲ್ಲ, ಗ್ಲೈಕಾಲ್. ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್, ಟ್ರ್ಯಾಕ್ಟರ್ ಆಯಿಲ್ ಯಾವುದು ಬಿದ್ದರೂ ಈ ಬ್ರೇಕಿನ ರಬ್ಬರ್ ಕೆಡುತ್ತೆ.

ಅನುಮಾನ ಬಂದರೆ ಗಾಜಿನ ಲೋಟದಲ್ಲಿ ನೀರು ತಗೊಂಡು, ಗಾಡಿಯ ಬ್ರೇಕ್ ಡಬ್ಬಿಯಿಂದ ಒಂದು ಚಮಚ ಹಾಕಿ ಕಲಕಿ. ಡಾಟ್ 3, ಡಾಟ್ 4 ನೀರಲ್ಲಿ ಕರಗುತ್ತೆ, ಎಣ್ಣೆ ಮೇಲೆ ತೇಲುತ್ತೆ. ನನ್ನದು ಪಲ್ಯದ ಒಗ್ಗರಣೆ ಥರ ತೇಲಿತು. ತೇಲಿದರೆ ಬರೀ ಆಯಿಲ್ ಬದಲಿಸಿ ಕೈ ತೊಳೆದುಕೊಳ್ಳಬೇಡಿ, ರಬ್ಬರ್ ಇರುವುದೆಲ್ಲಾ ಹೋಗಬೇಕು, ಹೋಸ್ ಸಮೇತ. ಸರಿಯಾದ ಆಯಿಲ್ ಇದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ನೀರು ಕುಡಿದ ಮೇಲೆ ಅದು 140ರ ಆಸುಪಾಸಿಗೇ ಕುದಿಯಬಹುದು.

ಈಗ ಮುಂದಕ್ಕೊಂದು ಹಿಂದಕ್ಕೊಂದು ಲೈನ್ ಇರುವ ಡಬಲ್ ಮಾಸ್ಟರ್ ಸಿಲಿಂಡರ್ ಹಾಕಿಸಿದ್ದೇನೆ, ಪೈಪ್ ಎಲ್ಲಾ ಸ್ಟೀಲ್. ತಾಮ್ರದ ಪೈಪ್ ಅಗ್ಗ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ, ಅದುರಿ ಅದುರಿ ಸೀಳುತ್ತೆ. ಪುಶ್ ರಾಡ್ ನಾನೇ ಎದುರು ನಿಂತು ಅಳತೆ ಮಾಡಿಸಿದೆ. ಗಾಡಿ ಮಾತ್ರ ಇನ್ನೂ ಇಟ್ಟಿಗೆ ಮೇಲೆ ನಿಂತಿದೆ. ಆ ಎಡ ಡ್ರಮ್ ಬಿರುಕು ಬಿಟ್ಟಿದೆ, ಲೇತ್‌ನವನು ಮುಟ್ಟಲ್ಲ ಅಂದ. ಒನ್ ಟನ್ ಹಿಂದಿನ ಡ್ರಮ್ ಯಾರ ಬಳಿಯಾದರೂ ಬಿದ್ದಿದ್ದರೆ ದಯವಿಟ್ಟು ತಿಳಿಸಿ, ಬಿರುಕಿಲ್ಲದ್ದು.