ಕಾಮಾಲೆಗೆ ಸೊಪ್ಪಿನ ಔಷಧಿ ಕುಡಿಸುತ್ತಾ ನಾವು ಕಳೆದ 19 ದಿನಗಳು

‘ಕಾಮಾಲೆಗೆ ಇಂಗ್ಲಿಷ್ ಔಷಧಿ ಇಲ್ಲ’ ಎಂಬ ಮಾತನ್ನು ಕೇಳಿಕೊಂಡೇ ನಾವೆಲ್ಲ ಬೆಳೆದಿದ್ದೇವೆ. ಆ ಒಂದು ಮಾತನ್ನು ನಂಬಿ, ನನ್ನ 63 ವರ್ಷದ ತಾಯಿಯನ್ನು 19 ದಿನ ಆಸ್ಪತ್ರೆಯಿಂದ ದೂರ ಇಟ್ಟವಳು ನಾನು. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಮೊದಲ ವಾರದಲ್ಲಿ ಆ ಔಷಧಿ ಕೊಡುವವರ ವಿಳಾಸವನ್ನು ನಾನೇ ಇಬ್ಬರಿಗೆ ಹೇಳಿದ್ದೆ.

ಯುಗಾದಿ ಕಳೆದ ವಾರ ಅಮ್ಮನ ಕಣ್ಣು ಹಳದಿಯಾಯಿತು, ಮೂತ್ರ ಕಡು ಬಣ್ಣಕ್ಕೆ ತಿರುಗಿತು. ನಮ್ಮ ಬೀದಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಕಣ್ಣನ್ನು ಹಳದಿ ಮಾಡುವ ಬಿಲಿರುಬಿನ್ ಎಂಬ ಅಂಶ ರಕ್ತದಲ್ಲಿ ಹೆಚ್ಚೆಂದರೆ 1.2 ಇರಬೇಕು, ಅಮ್ಮನಿಗೆ 6.8 ಇತ್ತು. ಅವರು ಹೊಟ್ಟೆಯ ಸ್ಕ್ಯಾನಿಂಗಿಗೆ ಚೀಟಿ ಬರೆದು, ನಾಳೆಯೇ ಮಾಡಿಸಿ ಎಂದು ಎರಡು ಸಲ ಹೇಳಿದರು. ಆ ಚೀಟಿ ನನ್ನ ಪರ್ಸಿನಲ್ಲೇ ಉಳಿಯಿತು. ಅಂದು ಸಂಜೆ ಮನೆಗೆ ಬಂದ ನೆಂಟರೆಲ್ಲರೂ ಒಂದೇ ಮಾತು ಹೇಳಿದರು: ಕಾಮಾಲೆ ತಾನೇ, ಮೂರು ಹೊತ್ತಿನ ಸೊಪ್ಪಿನ ಔಷಧಿಗೆ ಇಳಿಯುತ್ತದೆ.

ಇಂಥ ಔಷಧಿ ಕೊಡುವ ಕಡೆ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಭಾನುವಾರ ಮತ್ತು ಗುರುವಾರ, ಬೆಳಕು ಹರಿಯುವ ಮುನ್ನ, ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ನಾವು ಹೋದಾಗಲೇ ಜಗಲಿಯಲ್ಲಿ ನಲವತ್ತು ಜನ ಕುಳಿತಿದ್ದರು. ನಾನು ರಕ್ತ ಪರೀಕ್ಷೆಯ ವರದಿಯನ್ನು ಮುಂದೆ ಹಿಡಿದಾಗ ಔಷಧಿ ಕೊಡುವವರು ಅದನ್ನು ಕೈಯಿಂದಲೂ ಮುಟ್ಟದೆ, ‘ಕಾಗದ ನನಗೆ ಬೇಡ ತಾಯಿ, ಕಣ್ಣು ನೋಡಿದರೆ ಸಾಕು’ ಎಂದರು. ಆ ಮಾತಿನಲ್ಲಿದ್ದ ಧೈರ್ಯಕ್ಕೆ ನಾನು ಮರುಳಾದೆ. ಔಷಧಿಗೆ ದುಡ್ಡು ಮುಟ್ಟುವುದಿಲ್ಲ, ಮನಸ್ಸಿಗೆ ಬಂದಷ್ಟನ್ನು ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಡಿ ಎಂದರು. ಪಕ್ಕದಲ್ಲಿದ್ದ ಹುಡುಗ ಮಾತ್ರ ಎಲ್ಲರೂ 501 ಇಡುತ್ತಾರೆ ಎಂದು ಮೆಲ್ಲಗೆ ಹೇಳಿದ. ಎರಡನೆಯ ಸಲ, ರಕ್ತವೂ ಕೆಟ್ಟಿದೆ ಎಂದು ಒಂದು ಪುಡಿ ಸೇರಿಸಿದ್ದರಿಂದ ಅದು 1,100 ಆಯಿತು. ಔಷಧಿ ಯಾವ ಸೊಪ್ಪಿನದು ಎಂದು ಕೇಳಿದೆ. ಗುಟ್ಟು ಹೇಳಿದರೆ ಫಲಿಸುವುದಿಲ್ಲ ಎಂಬ ಉತ್ತರ ಬಂತು.

ಪಥ್ಯ ಬಹಳ ಕಟ್ಟುನಿಟ್ಟಾಗಿತ್ತು. ಉಪ್ಪಿಲ್ಲ, ಎಣ್ಣೆಯಿಲ್ಲ, ಬೇಳೆಯಿಲ್ಲ, ಒಗ್ಗರಣೆಯಿಲ್ಲ. ಮಜ್ಜಿಗೆ ಅನ್ನ ಮತ್ತು ಕಬ್ಬಿನ ಹಾಲು ಮಾತ್ರ. ಅರಿಶಿನ ಹಳದಿ ಎಂಬ ಕಾರಣಕ್ಕೆ ಅದನ್ನು ಬಿಡಿಸಿದರು. ಹಿಮೋಗ್ಲೋಬಿನ್ 9.4ಕ್ಕೆ ಇಳಿದಿದ್ದುದಕ್ಕೆ, ಕೆಂಪು ಎಂಬ ಕಾರಣಕ್ಕೆ ಬೀಟ್‌ರೂಟ್ ರಸ ಕುಡಿಸಿದರು. ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ಯಾವ ಸಂಬಂಧವೂ ಇಲ್ಲ, ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶ ಅದರಲ್ಲಿ ಬಹಳ ಕಡಿಮೆ ಎಂಬುದನ್ನು ನಾನು ಆಮೇಲೆ ತಿಳಿದೆ. ನಮ್ಮನ್ನು ನಿಜವಾಗಿ ದಾರಿ ತಪ್ಪಿಸಿದ್ದು, ಎಣ್ಣೆ ಬಿಟ್ಟ ಮೇಲೆ ಅಮ್ಮನ ಬಲಪಕ್ಕೆಯ ನೋವು ಕಡಿಮೆಯಾದದ್ದು. ಜಿಡ್ಡು ತಿಂದಾಗ ಪಿತ್ತಕೋಶ ಹಿಂಡುತ್ತದೆ, ಕಲ್ಲಿದ್ದವರಿಗೆ ಆಗ ನೋವು ಬರುತ್ತದೆ, ಜಿಡ್ಡು ಬಿಟ್ಟರೆ ನೋವು ತಗ್ಗಬಹುದು, ಕಲ್ಲು ಮಾತ್ರ ಅಲ್ಲಿಯೇ ಇರುತ್ತದೆ. ನಾವು ಅದನ್ನೇ ಔಷಧಿಯ ಗುಣ ಎಂದುಕೊಂಡೆವು, ನಾನು ಇಬ್ಬರಿಗೆ ವಿಳಾಸ ಹೇಳಿದ್ದು ಆ ನಂಬಿಕೆಯಲ್ಲಿಯೇ.

ಇನ್ನು ಸುಣ್ಣದ ನೀರಿನ ವಿಷಯ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಪ್ರತಿ ಸಲವೂ ಅಮ್ಮನ ಎರಡೂ ಕೈಗಳಿಗೆ ಮೊಣಕೈವರೆಗೆ ಒಂದು ಕಂದು ರಸವನ್ನು ತಿಕ್ಕಿ, ತಿಳಿ ಸುಣ್ಣದ ನೀರಿನ ಸ್ಟೀಲ್ ಬೋಗುಣಿಯಲ್ಲಿ ತೊಳೆಸುತ್ತಿದ್ದರು. ನೀರು ನಮ್ಮ ಕಣ್ಣೆದುರಿಗೇ ಹಳದಿಯಾಗುತ್ತಿತ್ತು. ‘ನೋಡಿ, ಕಾಮಾಲೆ ಇಳಿಯುತ್ತಿದೆ’ ಎಂದಾಗ ಅಮ್ಮ ಕೈಮುಗಿದರು. ನಾನೂ ಮುಗಿದೆ. ಮೂರನೆಯ ಸಲ ಜನ ಹೆಚ್ಚಿದ್ದುದರಿಂದ ರಸವನ್ನು ನೀವೇ ತಿಕ್ಕಿ ಎಂದು ನನ್ನ ಕೈಗೆ ಕೊಟ್ಟರು. ತಿಕ್ಕಿ ಮುಗಿಸಿ, ಅಂಟಾಗಿದ್ದ ನನ್ನ ಬೆರಳುಗಳನ್ನು ಪಕ್ಕದ ಬಕೆಟ್ಟಿನಲ್ಲಿದ್ದ ತಿಳಿ ನೀರಿನಲ್ಲಿ ಅದ್ದಿದೆ. ಅದೂ ಸುಣ್ಣದ ನೀರೇ ಆಗಿತ್ತು. ನನ್ನ ಬೆರಳುಗಳ ಸುತ್ತ ಅದೇ ಹಳದಿ ಬಣ್ಣ ಹರಡಿತು. ನನಗೆ ಕಾಮಾಲೆ ಇರಲಿಲ್ಲ.

ಆ ಕ್ಷಣದಲ್ಲಿ ನನಗೆ ಎಲ್ಲವೂ ಅರ್ಥವಾಯಿತು. ಅರ್ಥವಾದರೂ ನಾನು ಬಾಯಿ ಬಿಡಲಿಲ್ಲ. ನಲವತ್ತು ಜನರ ಮುಂದೆ ಹೇಗೆ ಕೇಳುವುದು, ಅಮ್ಮನ ನಂಬಿಕೆಯನ್ನು ಹೇಗೆ ಮುರಿಯುವುದು ಎಂದು ಸುಮ್ಮನಾದೆ, ಮನೆಗೆ ಬಂದು ಇನ್ನೂ ಎರಡು ದಿನ ಅದೇ ಔಷಧಿ ಕುಡಿಸಿದೆ. ಮಾವಿನ ತೊಗಟೆಯ ರಸ ಸುಣ್ಣದ ನೀರಿಗೆ ಬಿದ್ದರೆ ಹಳದಿಯಾಗುತ್ತದೆ ಎಂದು ಆಮೇಲೆ ಒಬ್ಬ ವಿಜ್ಞಾನದ ಮೇಷ್ಟ್ರು ಹೇಳಿದರು, ಮನೆಯಲ್ಲಿ ಮಾಡಿ ನೋಡಿದೆ, ಹಾಗೆಯೇ ಆಯಿತು. ಕಾಮಾಲೆಯ ಬಣ್ಣ ದೇಹದಿಂದ ಹೊರಹೋಗುವುದು ಮಲಮೂತ್ರದಲ್ಲಿ, ಅಂಗೈಯಿಂದಲ್ಲ.

ಈ ನಡುವೆ ಅಮ್ಮನಿಗೆ ರಾತ್ರಿಯೆಲ್ಲ ಮೈ ತುರಿಕೆ, ಮಲ ಬೂದಿ ಬೆರೆಸಿದ ಜೇಡಿಮಣ್ಣಿನ ಬಣ್ಣ. ಫೋನ್ ಮಾಡಿದರೆ, ‘ನಂಜು ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ’ ಎಂದರು. 19ನೆಯ ದಿನ ಗಡಗಡ ನಡುಗಿಸುವ ಚಳಿ, ಜ್ವರ, ಅರೆಪ್ರಜ್ಞೆ. ಆಗಲೂ ಮೊದಲು ಅವರಿಗೇ ಫೋನ್ ಮಾಡಿದೆ, ಇದನ್ನು ನಾನು ಮುಚ್ಚಿಡುವುದಿಲ್ಲ. ‘ಪಥ್ಯ ಕೆಡಿಸಿದ್ದೀರಿ, ಮನೆಯಲ್ಲಿ ಯಾರೋ ಉಪ್ಪು ಹಾಕಿ ಕೊಟ್ಟಿದ್ದಾರೆ’ ಎಂದರು. 19 ದಿನ ಸಪ್ಪೆ ಅನ್ನ ತಿಂದು ಐದು ಕೆ.ಜಿ. ಇಳಿದಿದ್ದ ಅಮ್ಮನ ಮೇಲೆ ಆ ಮಾತು!

ಆಸ್ಪತ್ರೆಯ ಸ್ಕ್ಯಾನಿಂಗಿನಲ್ಲಿ ಪಿತ್ತನಾಳಕ್ಕೆ ಅಡ್ಡವಾಗಿ ಎಂಟು ಮಿಲಿಮೀಟರಿನ ಕಲ್ಲು ಕಂಡಿತು. ಬಿಲಿರುಬಿನ್ 14.2. ಕಟ್ಟಿಕೊಂಡ ಪಿತ್ತಕ್ಕೆ ಸೋಂಕು ತಗುಲಿ ರಕ್ತಕ್ಕೂ ಹರಡಿತ್ತು. ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಮೈಗೆ ಹಿಡಿಯುವುದಿಲ್ಲ, ಅದಿಲ್ಲದೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಆದ್ದರಿಂದ ಮೊದಲು ಅದರ ಇಂಜೆಕ್ಷನ್ ಕೊಟ್ಟು, ನಂತರ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಕಲ್ಲು ತೆಗೆದರು. ಇಷ್ಟು ದಿನ ಏನು ಕುಡಿಸಿದಿರಿ ಎಂದು ಡಾಕ್ಟರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹೆತ್ತ ತಾಯಿಗೆ ಕುಡಿಸಿದ್ದೇನು ಎಂದು ಗೊತ್ತಿಲ್ಲದೆ ತಲೆ ತಗ್ಗಿಸಿ ನಿಂತೆ. ಪರ್ಸಿನಲ್ಲಿ ಆ ಚೀಟಿ ಇನ್ನೂ ಇತ್ತು.

ಡಿಸ್ಚಾರ್ಜ್ ಆದ ಮೇಲೆ ಕೊನೆಯ ಸಲ ಆ ಔಷಧಿ ಕೊಟ್ಟವರಿಗೆ ಫೋನ್ ಮಾಡಿ, ನನ್ನ ಕೈ ತೊಳೆದ ನೀರೂ ಏಕೆ ಹಳದಿಯಾಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, ‘ನಾನು ನಿಮ್ಮನ್ನು ಕರೆದಿದ್ದೆನೇ? ನೀವೇ ಬಂದಿರಿ’ ಎಂದು ಇಟ್ಟುಬಿಟ್ಟರು.

ಮನೆಮದ್ದಿನ ಮೇಲೆ ನನಗೆ ದ್ವೇಷವಿಲ್ಲ. ಕಾಮಾಲೆಗೆ ಕೊಡುವ ನೆಲನೆಲ್ಲಿಯನ್ನು ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. 1988ರಲ್ಲಿ ಚೆನ್ನೈನ ಒಂದು ಅಧ್ಯಯನ ಯಕೃತ್ತಿನ ವೈರಸ್ ಸೋಂಕಾದ ಹೆಪಟೈಟಿಸ್ ಬಿ ವಿಷಯದಲ್ಲಿ ದೊಡ್ಡ ಆಸೆ ಹುಟ್ಟಿಸಿತ್ತು, ನಂತರದ ಅಧ್ಯಯನಗಳಲ್ಲಿ ಅದು ಗಟ್ಟಿಯಾಗಲಿಲ್ಲ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಜಗಲಿಯ ಮೇಲೆ ಕೈಮುಗಿದು ಕುಳಿತವರಲ್ಲಿ ಎಷ್ಟೋ ಜನರಿಗೆ ಗುಣವಾದದ್ದು ಹಾಗೆ ಎಂದು ನನ್ನ ನಂಬಿಕೆ. ಆದರೆ ಕಣ್ಣು ಹಳದಿಯಾಗುವುದು ಲಕ್ಷಣ ಮಾತ್ರ. ಅದರ ಹಿಂದೆ ವೈರಸ್ ಇರಬಹುದು, ಕಲ್ಲಿರಬಹುದು, ಗಡ್ಡೆಯಿರಬಹುದು, ರಕ್ತದ ಕಣಗಳೇ ಒಡೆಯುತ್ತಿರಬಹುದು. ಯಾವ ಕಾಮಾಲೆ ಎಂದು ತಿಳಿಯುವ ಮುನ್ನ ಒಂದು ಗುಟುಕನ್ನೂ ಕುಡಿಸಬೇಡಿ. ವರದಿಯನ್ನು ಮುಟ್ಟದವರ ಮುಂದೆ ಕುಳಿತುಕೊಳ್ಳಲೇಬೇಡಿ.

ನಾನು ವಿಳಾಸ ಹೇಳಿದ್ದವರಲ್ಲಿ ಒಬ್ಬರು ಸಿಕ್ಕರು, ಸ್ಕ್ಯಾನಿಂಗ್ ಮಾಡಿಸಿದ್ದಾರೆ. ಇನ್ನೊಬ್ಬರು ಆ ಮೊದಲ ವಾರದಲ್ಲಿ ಪರಿಚಯವಾದ ಅಜ್ಜಿ. ಅವರ ಹೆಸರನ್ನು ನಾನು ಕೇಳಿರಲಿಲ್ಲ. ಕಾಮಾಲೆ ಇದ್ದದ್ದು ಅವರ ಏಳು ತಿಂಗಳ ಗರ್ಭಿಣಿ ಮೊಮ್ಮಗಳಿಗೆ. ಗರ್ಭಿಣಿಯರಲ್ಲಿ ಹೆಪಟೈಟಿಸ್ ಇ ಪ್ರಾಣಕ್ಕೇ ಮುಳುವಾಗಬಲ್ಲದು. ಅವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇಂದೇ ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.