ಮಾಳಮಡ್ಡಿಯ ಹೆಂಚಿನ ಮನೆಯಿಂದ ವಿದ್ಯಾನಗರದ ಫ್ಲಾಟಿಗೆ: ಐದಾರು ವರ್ಷ ಇದ್ದು ನೋಡಿದ ಮೇಲೆ

ನಾವು ತಗೊಂಡಿದ್ದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್, ಮೊದಲನೇ ಮಹಡಿ. ಬಿಟ್ಟು ಬಂದಿದ್ದು ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮಾವನವರು ಕಟ್ಟಿಸಿದ ಹೆಂಚಿನ ಮನೆ. ಕೊರೊನಾ ಬರುವ ಸ್ವಲ್ಪ ಮೊದಲು ಸಾಮಾನು ಸಾಗಿಸಿದೆವು. ನಾನು ಶಾಲೆಯಲ್ಲಿ ಕಲಿಸುತ್ತಿದ್ದವಳು, ನಮ್ಮವರು ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಮಗ ಪುಣೆಯಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅದರಲ್ಲಿ ಮೂರು ಈ ಜಾಗಕ್ಕೆ, ಒಂದೇ ಒಂದು ಫ್ಲಾಟಿಗೆ. ವಯಸ್ಸಾದ ಮೇಲೆ ಮನೆ ಬದಲಿಸುವವರು ಮೊದಲು ಟೈಲ್ಸ್ ನೋಡುತ್ತಾರೆ, ಅಡುಗೆಮನೆಯ ಕಪಾಟು ನೋಡುತ್ತಾರೆ. ನಾನು ಹೇಳುವುದು, ಮೊದಲು ಗೇಟಿನ ಹೊರಗೆ ಬಂದು ನಿಂತು ನೋಡಿ. ಕೈಯಲ್ಲಿ ಚೀಲ ಹಿಡಿದು, ಯಾರ ಸಹಾಯವೂ ಇಲ್ಲದೆ, ನೀವು ಎಲ್ಲೆಲ್ಲಿಗೆ ನಡೆದು ಹೋಗಿ ಬರಬಹುದು ಅಂತ.

ಮಾಳಮಡ್ಡಿಯ ಮನೆಯ ಮೇಲೆ ನನಗೆ ಯಾವ ಬೇಸರವೂ ಇರಲಿಲ್ಲ. ದೊಡ್ಡ ಪಡಸಾಲೆ, ನಡುಮನೆ, ಅಟ್ಟ, ಹಿತ್ತಲಲ್ಲಿ ಎರಡು ತೆಂಗಿನ ಮರ, ಒಂದು ಪೇರಲ ಗಿಡ. ಆದರೆ ಧಾರವಾಡದ ಮಳೆ ನಿಮಗೆ ಗೊತ್ತಲ್ವಾ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಬೇಕು. ಆ ಕೆಲಸ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಮಂಗಗಳು ಬಂದು ಹೋದ ಮರುದಿನ ಎಲ್ಲಿ ಸೋರುತ್ತದೆ ಅಂತ ಬಕೆಟ್ ಹಿಡಿದು ಓಡಾಡಬೇಕು. ಬಚ್ಚಲು ಹಿತ್ತಲ ಕಡೆಗಿತ್ತು. ನಮ್ಮವರ ಮಂಡಿ ನೋವು ಜಾಸ್ತಿಯಾದ ಮೇಲೆ, ರಾತ್ರಿ ಹೊತ್ತು ಒದ್ದೆ ಹಾಸುಗಲ್ಲಿನ ಮೇಲೆ ಅವರು ಒಬ್ಬರೇ ಹೋಗುವುದನ್ನು ನೋಡಿ ನನಗೆ ನಿದ್ದೆ ಬರುತ್ತಿರಲಿಲ್ಲ.

ಬೇರೆ ದಾರಿಗಳನ್ನೂ ಯೋಚಿಸಿದೆವು. ಒಳಗೇ ಬಚ್ಚಲು ಕಟ್ಟಿಸಿ, ಅರ್ಧ ಮನೆ ವಿದ್ಯಾರ್ಥಿಗಳಿಗೆ ಬಾಡಿಗೆ ಕೊಟ್ಟು ಅಲ್ಲೇ ಇರುವುದು ಒಂದು. ಧಾರವಾಡದಲ್ಲಿ ಬಾಡಿಗೆಗೆ ಬರುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಆದರೆ ಹೆಂಚಿನ ಕಾಟ ಹಾಗೇ ಉಳಿಯುತ್ತದೆ. ಬಿಲ್ಡರ್‌ಗೆ ಜಾಗ ಕೊಟ್ಟು ಎರಡು ಫ್ಲಾಟ್ ತಗೊಳ್ಳಿ ಎಂದವರೂ ಇದ್ದರು. ಆ ಕಟ್ಟಡ ಮುಗಿಯುವವರೆಗೆ ಬಾಡಿಗೆ ಮನೆಯಲ್ಲಿ ಕಾಯುವ ವಯಸ್ಸು ನಮ್ಮದಾಗಿರಲಿಲ್ಲ. 60 ದಾಟಿದವರಿಗೆ ಬ್ಯಾಂಕಿನಲ್ಲಿ ರಿವರ್ಸ್ ಮಾರ್ಟ್‌ಗೇಜ್ ಅಂತ ಇದೆ. ಮನೆ ನಮ್ಮದಾಗಿಯೇ ಇರುತ್ತದೆ, ಅದರ ಮೇಲೆ ಬ್ಯಾಂಕ್ ಕಂತಿನಲ್ಲಿ ಹಣ ಕೊಡುತ್ತದೆ. ಆದರೆ ಅದು ಸ್ವಂತ ಗಳಿಕೆಯ ಮನೆಗೆ ಮಾತ್ರ. ಅಣ್ಣತಮ್ಮಂದಿರ ಹಿಸ್ಸೆ ಇರುವ ಮನೆಗೆ ಹೊಂದುವುದಿಲ್ಲ.

ಬೆಂಗಳೂರಿನ ಹೊರಗೆ ಹಿರಿಯರಿಗಾಗಿಯೇ ಕಟ್ಟಿದ ಒಂದು ಸಮುಚ್ಚಯವನ್ನೂ ಮಗಳು ತೋರಿಸಿದಳು. ಚೆನ್ನಾಗಿತ್ತು. ಬಾಗಿಲು ಅಗಲ, ಬಚ್ಚಲಲ್ಲಿ ಹಿಡಿ, ಕರೆಗಂಟೆ ಒತ್ತಿದರೆ ನರ್ಸ್. ಇಂಥ ಮನೆಗಳು ಹೇಗಿರಬೇಕು ಅಂತ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ನಿಯಮಾವಳಿ ಹೊರಡಿಸಿದೆ, ನೋಡಲು ಹೋಗುವ ಮೊದಲು ಓದಿಕೊಂಡರೆ ಏನು ಕೇಳಬೇಕು ಅಂತ ತಿಳಿಯುತ್ತದೆ. ಆದರೆ ಊಟದ ಹಾಲಿನಲ್ಲಿ ಜೋಳದ ರೊಟ್ಟಿ ವಾರಕ್ಕೊಂದು ದಿನ. ಮಾತಾಡಿಸಲು ನಮ್ಮ ಕಡೆಯವರು ಯಾರೂ ಇಲ್ಲ. ನಮ್ಮವರು ವಾಪಸ್ ಬರುವಾಗ ರೈಲಿನಲ್ಲಿ ಒಂದೇ ಮಾತು ಹೇಳಿದರು: "ಇಲ್ಲಿ ಎಲ್ಲಾ ಅದ, ನಮ್ಮ ಮಂದಿ ಇಲ್ಲ." ಅಲ್ಲಿಗೆ ಆ ವಿಷಯ ಮುಗಿಯಿತು.

ಮಾರುವ ಸುದ್ದಿ ಹಬ್ಬಿದಾಗ ಪಕ್ಕದ ಮನೆಯವರು ಬಂದು, "ಯಾಕ್ರಿ ವೈನಿ, ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಹೊಂಟೀರಂತ? ಆ ಧೂಳಿನಾಗ ಹೆಂಗ ಇರತೀರಿ?" ಅಂತ ಕೇಳಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಇಲ್ಲಿ ಧೂಳು ಇದೆ, ಧಾರವಾಡಕ್ಕಿಂತ ಸೆಕೆ ಜಾಸ್ತಿ. ಸಂಜೆ ಮಾಳಮಡ್ಡಿಯಲ್ಲಿ ಬೀಸುವ ಗಾಳಿ ಇಲ್ಲಿಲ್ಲ. ಆದರೆ ಗೇಟಿನಿಂದ ಹೊರಬಿದ್ದರೆ ಔಷಧಿ ಅಂಗಡಿ, ಹಾಲು, ಹಿಟ್ಟಿನ ಗಿರಣಿ, ಕಾಯಿಪಲ್ಯೆ ಗಾಡಿ, ಬ್ಯಾಂಕ್ ಎಲ್ಲವೂ ಹತ್ತು ನಿಮಿಷದೊಳಗೆ. ದೊಡ್ಡ ಸರ್ಕಾರಿ ಆಸ್ಪತ್ರೆ ಇದೇ ಬಡಾವಣೆಯಲ್ಲಿದೆ. ಅದರ ಹೆಸರು ಬದಲಾಗಿದ್ದರೂ ಜನ ಇನ್ನೂ ಕಿಮ್ಸ್ ಎಂದೇ ಕರೆಯುತ್ತಾರೆ. ಒಂದು ರಾತ್ರಿ ನಮ್ಮವರಿಗೆ ಎದೆ ಹಿಡಿದಂತಾದಾಗ ಆಟೊದಲ್ಲಿ ಕೂತ ಸ್ವಲ್ಪ ಹೊತ್ತಿಗೆ ವೈದ್ಯರ ಎದುರಿಗಿದ್ದೆವು. ಮಾಳಮಡ್ಡಿಯಲ್ಲಿ ಇದ್ದಿದ್ದರೆ ಆ ಹೊತ್ತಿನಲ್ಲಿ ಆಟೊ ಹುಡುಕುವುದೇ ಒಂದು ಕೆಲಸವಾಗುತ್ತಿತ್ತು.

ಇನ್ನೊಂದು ದೊಡ್ಡ ಲಾಭ ಚಿಗರಿ ಬಸ್ಸು, ಅಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ಪ್ರತ್ಯೇಕ ದಾರಿಯಲ್ಲಿ ಓಡುವ ಬಸ್ಸು. 2020ರ ಫೆಬ್ರುವರಿಯಲ್ಲಿ ಅದರ ಉದ್ಘಾಟನೆಯಾಯಿತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 22 ಕಿಲೋಮೀಟರ್. ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಮಟ್ಟಕ್ಕೇ ಇದೆ. ಹತ್ತಲು ಮೆಟ್ಟಿಲಿಲ್ಲ, ನೇರ ಕಾಲಿಟ್ಟರೆ ಒಳಗೆ. ಮಂಡಿ ನೋವಿದ್ದವರಿಗೆ ಇದರ ಬೆಲೆ ಗೊತ್ತು. ಅದರಿಂದಲೇ ನಮ್ಮವರು ಇವತ್ತಿಗೂ ವಾರಕ್ಕೊಮ್ಮೆ ಧಾರವಾಡಕ್ಕೆ ಹೋಗಿ ಹಳೇ ಗೆಳೆಯರ ಜೊತೆ ಕೂತು ಬರುತ್ತಾರೆ. ತೊಂದರೆ ಇರುವುದು ಒಂದೇ. ನಿಲ್ದಾಣ ರಸ್ತೆಯ ನಡುವೆ ಇದೆ, ಹಾಗಾಗಿ ಅರ್ಧ ರಸ್ತೆ ದಾಟಲೇಬೇಕು. ಸಿಗ್ನಲ್ ಇರುವ ನಿಲ್ದಾಣದ ಹತ್ತಿರ ಮನೆ ಸಿಕ್ಕರೆ ಅದನ್ನೇ ಹಿಡಿಯಿರಿ.

ಇನ್ನು ಫ್ಲಾಟಿನ ವಿಷಯ. ಕಾಗದದ ಮೇಲೆ 1150 ಚದರ ಅಡಿ. ಒಳಗೆ ನಾವು ನಿಜವಾಗಿ ಓಡಾಡುವ ಜಾಗ 820. ಉಳಿದದ್ದು ಮೆಟ್ಟಿಲು, ಲಿಫ್ಟ್, ಗೋಡೆಯ ಲೆಕ್ಕ. ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆ ಬಂದ ಮೇಲೆ ಕಾರ್ಪೆಟ್ ಏರಿಯಾ, ಅಂದರೆ ಒಳಗೆ ಬಳಸಲು ಸಿಗುವ ಜಾಗ, ಎಷ್ಟು ಅಂತ ಬಿಲ್ಡರ್ ಬರೆದು ಕೊಡಲೇಬೇಕು, ದರ ಹೋಲಿಸುವಾಗ ಅದನ್ನೇ ಹಿಡಿದು ಹೋಲಿಸಿ. ಅದೇ ಕಾಯ್ದೆಯಲ್ಲಿ ಇನ್ನೊಂದು ಅನುಕೂಲವಿದೆ. ಮನೆ ವಶಕ್ಕೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲೋ ಕೆಲಸದಲ್ಲೋ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ನಮ್ಮ ಬಚ್ಚಲ ಗೋಡೆ ಒದ್ದೆಯಾಗಿ ಪಕ್ಕದ ಬೆಡ್‌ರೂಮಿನ ಬಣ್ಣ ಏಳತೊಡಗಿತು. ಬಾಯಿಮಾತಿನಲ್ಲಿ ಹೇಳಿದಾಗ ಯಾರೂ ಬರಲಿಲ್ಲ. ಫೋಟೊ ಹಚ್ಚಿ, ಕಾಯ್ದೆಯ ಹೆಸರು ಬರೆದು ರಿಜಿಸ್ಟರ್ಡ್ ಪೋಸ್ಟ್ ಕಳಿಸಿದ ಮೇಲೆ ಕೆಲಸದವರು ಬಂದರು.

ಬಚ್ಚಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೊಟ್ಟ ಟೈಲ್ಸ್ ಹೊಳೆಯುತ್ತಿದ್ದವು, ನೀರು ಬಿದ್ದರೆ ಕಾಲು ನಿಲ್ಲುತ್ತಿರಲಿಲ್ಲ. ಬಂದ ತಿಂಗಳಲ್ಲೇ ಅದನ್ನು ಕಿತ್ತಿಸಿ ಒರಟು ಟೈಲ್ಸ್ ಹಾಕಿಸಿದೆವು. ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು ಸ್ಟೀಲ್ ಹಿಡಿ. ಹಿಡಿ ಹಾಕುವವನು ಟವೆಲ್ ಹಾಕುವ ಸರಳನ್ನೇ ಕೂಡಿಸಲು ಹೊರಟಿದ್ದ. ಅದು ಮೈಭಾರ ತಡೆಯುವುದಿಲ್ಲ. ಗೋಡೆಯೊಳಗೆ ಉದ್ದ ಬೋಲ್ಟ್ ಹೋಗಬೇಕು. ನಮ್ಮವರು ವರ್ಕ್‌ಶಾಪಿನಲ್ಲಿದ್ದವರು, ಪಕ್ಕದಲ್ಲೇ ನಿಂತು ಹಾಕಿಸಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದು ನೋಡಿದರು. ಬಾಗಿಲು ಮಾತ್ರ ಇನ್ನೂ ಒಳಕ್ಕೇ ತೆರೆಯುತ್ತದೆ. ಒಳಗೆ ಯಾರಾದರೂ ಬಿದ್ದರೆ ಬಾಗಿಲಿಗೇ ಅಡ್ಡ ಬೀಳುತ್ತಾರೆ, ಹೊರಗಿನಿಂದ ತೆರೆಯಲು ಆಗುವುದಿಲ್ಲ. ಹೊರಕ್ಕೆ ತೆರೆಯುವ ಬಾಗಿಲು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಳಗಿನ ಚಿಲಕ ತೆಗೆಸಿಬಿಡಿ, ನಾವು ಹಾಗೆ ಮಾಡಿದ್ದೇವೆ.

ಲಿಫ್ಟ್ ಇದೆ ಎಂದರೆ ಸಾಲದು. ಕರೆಂಟ್ ಹೋದಾಗ ಜನರೇಟರ್ ಲಿಫ್ಟನ್ನು ಎಳೆಯುತ್ತದೆಯೋ, ಬರೀ ಮೆಟ್ಟಿಲ ದೀಪಕ್ಕಷ್ಟೇನೋ ಕೇಳಿ. ನಮ್ಮಲ್ಲಿ ಎಳೆಯುತ್ತದೆ. ಆದರೆ ಲಿಫ್ಟ್ ಚಿಕ್ಕದು, ಸ್ಟ್ರೆಚರ್ ಹಿಡಿಸುವುದಿಲ್ಲ. ನಾಲ್ಕನೇ ಮಹಡಿಯ ಕಾಕಾ ಒಬ್ಬರಿಗೆ ಪಾರ್ಶ್ವವಾಯು ಹೊಡೆದಾಗ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೆಡ್‌ಶೀಟಿನಿಂದ ಕಟ್ಟಿ, ಲಿಫ್ಟಿನೊಳಗೆ ತಳ್ಳಿ ಇಳಿಸಿದರು. ನಾವು ಮೊದಲನೇ ಮಹಡಿ ಆರಿಸಿದ್ದು ಅದಕ್ಕೇ. ನೆಲಮಟ್ಟದಲ್ಲಿ ಪಾರ್ಕಿಂಗ್ ಇದೆ, ಮನೆ ಇಲ್ಲ. ಮೊದಲನೆಯದಾದರೆ ಲಿಫ್ಟ್ ಕೆಟ್ಟ ದಿನವೂ ನಿಧಾನ ಇಳಿದು ಬರಬಹುದು.

ನೀರಿಗೆ ಮಲಪ್ರಭೆ ಇದೆ, ನೀರಸಾಗರ ಇದೆ. ಆದರೂ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದು ಅವಳಿ ನಗರದಲ್ಲಿ ಬಡಾವಣೆಯಿಂದ ಬಡಾವಣೆಗೆ ಬೇರೆ. ಅಪಾರ್ಟ್‌ಮೆಂಟಿನಲ್ಲಿ ಸಂಪು, ಬೋರ್‌ವೆಲ್ ಇರುವುದರಿಂದ ಕೊಡ ತುಂಬಿಡುವ ಕೆಲಸ ತಪ್ಪಿತು. ಇದು ನನಗೆ ದೊಡ್ಡ ನೆಮ್ಮದಿ.

ಬಿಟ್ಟು ಬಂದ ಮನೆಯಲ್ಲಿ ಇದ್ದು ಇಲ್ಲಿ ಇಲ್ಲದ್ದು ಏನು ಅಂತ ಹಲವರು ಕೇಳುತ್ತಾರೆ. ತಾಮ್ರದ ಹಂಡೆ, ಹಿತ್ತಾಳೆ ಕೊಡ, ಬೀಸುವ ಕಲ್ಲು ಇವನ್ನು ನಾದಿನಿಯರಿಗೆ, ಮೈದುನನ ಮನೆಗೆ ಹಂಚಿದೆವು. ಅದಕ್ಕೆ ಅಷ್ಟು ನೋವಾಗಲಿಲ್ಲ. ನಾಗರ ಪಂಚಮಿಗೆ ಜೋಕಾಲಿ ಕಟ್ಟಲು ಜಂತಿ ಇಲ್ಲವಲ್ಲ ಅಂತ ಮೊದಲ ವರ್ಷ ಬಹಳ ಕೆಟ್ಟೆನಿಸಿತು. ಮೊಮ್ಮಕ್ಕಳು ಬಂದಿದ್ದರು, ಉಂಡೆ ತಿಂದು ಸುಮ್ನೆ ಕೂತರು. ಈಗ ಕೆಳಗಿನ ಪಾರ್ಕಿಂಗಿನಲ್ಲಿ ಎರಡು ಕೊಕ್ಕೆ ಹಾಕಿಸಿದ್ದಾರೆ. ಪಂಚಮಿಗೆ ಇಡೀ ಕಟ್ಟಡದ ಹೆಣ್ಣುಮಕ್ಕಳು ಅಲ್ಲೇ ಜೀಕುತ್ತಾರೆ.

ರೊಟ್ಟಿ ಬಡಿಯುವ ಸದ್ದಿನ ವಿಷಯ ಯಾವ ಬಿಲ್ಡರೂ ಹೇಳುವುದಿಲ್ಲ. ಅಡುಗೆಮನೆಯ ಕಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ. ಬೆಳಿಗ್ಗೆ ಹಿಟ್ಟು ತಟ್ಟಿದರೆ ಪಕ್ಕದ ಮನೆಯ ಬೆಡ್‌ರೂಮಿಗೆ ನೇರ ಕೇಳುತ್ತದೆ. ಪಕ್ಕದ ಮನೆಯಲ್ಲಿ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಹುಡುಗ ಇದ್ದ. ಅವನ ತಾಯಿ ಬಂದು ಬಹಳ ಸಂಕೋಚದಿಂದ ಹೇಳಿದರು. ಈಗ ಕಟ್ಟೆಯ ಮೇಲೆ ದಪ್ಪ ರಬ್ಬರ್ ಹಾಳೆ, ಅದರ ಮೇಲೆ ಗೋಣಿತಟ್ಟು, ಅದರ ಮೇಲೆ ರೊಟ್ಟಿ ತಟ್ಟುವ ಹಲಗೆ. ಸದ್ದು ಅರ್ಧಕ್ಕರ್ಧ ಇಳಿಯಿತು. ವಾರಕ್ಕೆರಡು ರೊಟ್ಟಿ ಆ ಹುಡುಗನ ಪಾಲಿಗೂ ಹೋಗುತ್ತದೆ.

ದುಡ್ಡಿನ ವಿಷಯದಲ್ಲಿ ಬಹಳ ಜನ ಎಡವುವುದು ತೆರಿಗೆಯಲ್ಲಿ. ಮನೆ ಮಾರಿ ಮನೆ ಕೊಂಡರೆ ತೆರಿಗೆ ಇಲ್ಲ ಅಂದುಕೊಂಡಿರುತ್ತಾರೆ. ಚಿಕ್ಕ ಮನೆಗೆ ಹೋಗುವವರಿಗೆ ಅದು ಪೂರ್ತಿ ನಿಜವಲ್ಲ. ಹೊಸ ಮನೆಗೆ ಹಾಕಿದ ಹಣದಷ್ಟೇ ಲಾಭಕ್ಕೆ ರಿಯಾಯಿತಿ. ಹಳೇ ಮನೆಯಿಂದ ಲಾಭ 60 ಲಕ್ಷ, ಹೊಸ ಫ್ಲಾಟ್ 45 ಲಕ್ಷ ಅಂದುಕೊಳ್ಳಿ. ಉಳಿದ 15 ಲಕ್ಷಕ್ಕೆ ತೆರಿಗೆ ಇದೆ. ಈಗಿನ 12.5 ಶೇಕಡಾ ದರದಲ್ಲಿ 1,87,500 ರೂಪಾಯಿ, ಸೆಸ್ ಬೇರೆ. 2024ರ ಜುಲೈ 23ಕ್ಕೆ ಮೊದಲೇ ನಿಮ್ಮದಾಗಿದ್ದ ಮನೆಯಾದರೆ, ಬೆಲೆ ಏರಿಕೆ ಸೂಚ್ಯಂಕ ಹಾಕಿ 20 ಶೇಕಡಾ ಲೆಕ್ಕವನ್ನೂ ಮಾಡಿಸಿ ನೋಡಿ, ಯಾವುದು ಕಡಿಮೆಯೋ ಅದು. ಅಜ್ಜ-ಅಪ್ಪನ ಕಾಲದ ಮನೆಗೆ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು. ಅದಕ್ಕೆ ಮಾನ್ಯತೆ ಇರುವ ವ್ಯಾಲ್ಯುಯರ್ ವರದಿ ತಗೊಳ್ಳಿ. ಮಾರಿದ ಎರಡು ವರ್ಷದೊಳಗೆ ಹೊಸ ಮನೆ ಕೊಳ್ಳಬೇಕು, ಮಾರುವ ಒಂದು ವರ್ಷ ಮೊದಲು ಕೊಂಡಿದ್ದರೂ ನಡೆಯುತ್ತದೆ. ಆ ಹೊಸ ಮನೆಯನ್ನು ಮೂರು ವರ್ಷ ಮಾರುವಂತಿಲ್ಲ.

ಅದಕ್ಕೂ ಮೊದಲು ಉತಾರ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಅನ್ನುವ ದಾಖಲೆ, ಸರಿ ಮಾಡಿಸಿ. ಮಾಳಮಡ್ಡಿಯ ಮನೆ ಮಾವನವರ ಹೆಸರಿನಲ್ಲೇ ಇತ್ತು. ವಾರಸಾ ಹಚ್ಚಿಸಿ (ವಾರಸುದಾರರ ಹೆಸರು ದಾಖಲೆಗೆ ಏರಿಸಿ), ನಾದಿನಿಯರದೂ ಸೇರಿ ಎಲ್ಲರ ಸಹಿ ಕೂಡಿಸುವುದಕ್ಕೆ ಮನೆ ಮಾರುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹೆಣ್ಣುಮಕ್ಕಳ ಹಿಸ್ಸೆಯನ್ನು ನಾವು ಮೊದಲೇ ತೆಗೆದಿಟ್ಟೆವು. ಹಾಗಾಗಿ ಮನಸ್ತಾಪ ಬರಲಿಲ್ಲ.

ಫ್ಲಾಟನ್ನು ಇಬ್ಬರ ಹೆಸರಿನಲ್ಲಿ ಕೊಂಡಿದ್ದೇವೆ, ಮಕ್ಕಳಿಗೆ ಉಯಿಲು ಬರೆದಿಟ್ಟಿದ್ದೇವೆ. ದಾನಪತ್ರ ಮಾಡಲಿಲ್ಲ. ಮಾಡುವವರು ಒಂದು ವಿಷಯ ನೆನಪಿಡಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಮಕ್ಕಳು ನೋಡಿಕೊಳ್ಳದಿದ್ದರೆ ಆಸ್ತಿ ವಾಪಸ್ ಕೇಳಬಹುದು. ಆದರೆ ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟಿದ್ದು ಅಂತ ತೋರಿಸಬೇಕಾಗುತ್ತದೆ. ಅದನ್ನು ಪತ್ರದಲ್ಲೇ ಬರೆಸಿಬಿಡಿ. ಮಕ್ಕಳು ಎಷ್ಟೇ ಒಳ್ಳೆಯವರಿದ್ದರೂ ಬರೆಸಿ.

ಕೊಡದೆ ಉಳಿಸಿಕೊಂಡ ಒಂದು ಅಂಕ ಎಲ್ಲಿಗೆ ಹೋಯಿತು ಅಂದರೆ, ಲಿಫ್ಟಿನ ಮುಂದಿನ ನಾಲ್ಕು ಮೆಟ್ಟಿಲಿಗೆ. ಪಾರ್ಕಿಂಗಿನಿಂದ ಆ ನಾಲ್ಕು ಹತ್ತಿದರೇ ಲಿಫ್ಟ್. ಗಾಲಿಕುರ್ಚಿ ಬಂದರೆ ಇಬ್ಬರು ಎತ್ತಬೇಕು. ಸಂಘದವರು ಪಕ್ಕದಲ್ಲಿ ಒಂದು ಇಳಿಜಾರು ಕಟ್ಟಿಸಿದರು. ಅದು ಎಷ್ಟು ಕಡಿದಾಗಿದೆ ಅಂದರೆ ಹಾಲಿನ ಹುಡುಗ ಸೈಕಲ್ ಇಳಿಸಲೂ ಹೆದರುತ್ತಾನೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಇದು ಗಾಲಿಕುರ್ಚಿಯ ಇಳಿಜಾರಿಗೆ ಎಲ್ಲೆಡೆ ಹಿಡಿಯುವ ಲೆಕ್ಕ. ನಮ್ಮ ನಾಲ್ಕು ಮೆಟ್ಟಿಲು ಸೇರಿ ಎರಡು ಅಡಿ ಎತ್ತರ, ಅಂದರೆ 24 ಅಡಿ ಉದ್ದ ಬೇಕು. ಗೋಡೆಯ ಗುಂಟ ಅಷ್ಟು ಜಾಗ ಇದೆ, ಎರಡು ಸ್ಕೂಟರ್ ನಿಲ್ಲುವ ಜಾಗ ಹೋಗುತ್ತದೆ ಅಷ್ಟೇ. ನಮ್ಮವರು ಅಳತೆ ಹಿಡಿದು ನಕ್ಷೆ ಬರೆದು ಕಾರ್ಯದರ್ಶಿಯವರಿಗೆ ಕೊಟ್ಟಿದ್ದಾರೆ. ಸ್ಕೂಟರ್‌ನವರಲ್ಲಿ ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಒಪ್ಪಬೇಕು.