ಅತ್ತೂರಿನ ಇಗರ್ಜಿ: ಹಬ್ಬವಿಲ್ಲದ ದಿನದ ಒಂದು ಭೇಟಿ

ಕರಾವಳಿಯವರಿಗೆ ಅತ್ತೂರು ಎಂದೊಡನೆ ನೆನಪಾಗುವುದು ಜನವರಿಯ ಸಾಂತ್ ಮಾರಿ. ಆ ವಾರ್ಷಿಕ ಹಬ್ಬಕ್ಕೆ ಚಿಕ್ಕಂದಿನಿಂದ ಹೋಗುತ್ತಿದ್ದ ನಾನು, ಅಲ್ಲಿನ ಇಗರ್ಜಿಯನ್ನು, ಎಂದರೆ ಸಂತ ಲಾರೆನ್ಸರ ಬಸಿಲಿಕ ಎಂಬ ಚರ್ಚನ್ನು, ಜನಜಂಗುಳಿ, ಸಂತೆ, ಧ್ವನಿವರ್ಧಕಗಳನ್ನು ಬಿಟ್ಟು ನೋಡಿಯೇ ಇರಲಿಲ್ಲ. ಬೆಂಗಳೂರು ಸೇರಿ ಇಪ್ಪತ್ತು ವರ್ಷವಾಗಿ, ಭಾನುವಾರದ ಬಲಿಪೂಜೆಯೂ (ಮಾಸ್) ಆಗೀಗ ತಪ್ಪತೊಡಗಿದ ಮೇಲೆ, ಈ ಕಾಲದ ಬದುಕಿಗೆ ಇಗರ್ಜಿಯಿಂದ ಆಗುವ ಉಪಯೋಗವೇನು ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಳೆದ ಮಳೆಗಾಲದ ಒಂದು ಬುಧವಾರ ಅಲ್ಲಿಗೆ ಹೋಗಿದ್ದೆ.

ನನ್ನ ಪೂರ್ವಗ್ರಹವನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಮಗಳ ದೀಕ್ಷಾಸ್ನಾನದ ಪ್ರಮಾಣಪತ್ರಕ್ಕಾಗಿ ನಗರದ ಒಂದು ಚರ್ಚಿನ ಕಚೇರಿಗೆ ಮೂರು ಸಲ ಅಲೆದಿದ್ದೆ. ಮೇಜಿನ ಆಚೆಗಿದ್ದವರು ರಿಜಿಸ್ಟರು ತೆರೆದು, ಬೆರಳನ್ನು ಸಾಲಿನುದ್ದಕ್ಕೂ ಜಾರಿಸಿ, ನಮ್ಮ ಕುಟುಂಬದ ವಂತಿಗೆ ಎಷ್ಟು ತಿಂಗಳಿನದು ಬಾಕಿಯಿದೆ ಎಂದು ಓದಿ ಹೇಳಿದ ದನಿಗೂ, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕವನ್ನು ನೆನಪಿಸುವವರ ದನಿಗೂ ವ್ಯತ್ಯಾಸವಿರಲಿಲ್ಲ. ಬಾಕಿ ಇದ್ದದ್ದು ನಿಜ, ಅದನ್ನು ಕಟ್ಟಿದ್ದೂ ನಿಜ. ಆದರೆ ಆ ದಿನದಿಂದ ಚರ್ಚ್ ನನ್ನ ಪಾಲಿಗೆ ಅರ್ಜಿ ಕೊಟ್ಟು ಕಾಯುವ ಇನ್ನೊಂದು ಕಚೇರಿಯಾಯಿತು.

ಅತ್ತೂರು ಕಾರ್ಕಳ ಪೇಟೆಗೆ ಹತ್ತಿರವೇ ಇದೆ. ಇಲ್ಲಿನ ಮೊದಲ ಇಗರ್ಜಿ 1759ರದು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ, ಎಂದರೆ ಈ ಕರಾವಳಿಯ, ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಅದೂ ನಾಶವಾಯಿತು. 1799ರಲ್ಲಿ ಟಿಪ್ಪು ಮಡಿದ ನಂತರ ಬದುಕುಳಿದು ಊರಿಗೆ ಮರಳಿದವರು ಮತ್ತೆ ಕಟ್ಟಿಕೊಂಡರು. ಹೊಸ ಇಗರ್ಜಿಗೆ ಜಾಗ ಹುಡುಕುತ್ತ ಬಂದವರು ಸಂತರ ಪುಟ್ಟ ಮರದ ಪ್ರತಿಮೆಯನ್ನು ನೀರಿನ ಒರತೆಯ ಬಳಿ ನೆಲಕ್ಕಿಳಿಸಿದಾಗ ಅದು ಮತ್ತೆ ಮೇಲೇಳಲಿಲ್ಲವೆಂದೂ, ಇಲ್ಲಿಯೇ ಕಟ್ಟುತ್ತೇವೆಂದು ಹರಕೆ ಹೊತ್ತ ಬಳಿಕವಷ್ಟೇ ಎದ್ದಿತೆಂದೂ ಐತಿಹ್ಯವಿದೆ. 2016ರಲ್ಲಿ ಇದಕ್ಕೆ ಪೋಪರು ವಿಶೇಷ ಚರ್ಚುಗಳಿಗೆ ಕೊಡುವ ಕಿರಿಯ ಬಸಿಲಿಕ ಎಂಬ ಗೌರವ ದೊರೆಯಿತು. ಗೌರವ ಬಂದರೂ ಜನರ ಬಾಯಲ್ಲಿ ಅದು ಇನ್ನೂ ಅತ್ತೂರು ಚರ್ಚೇ.

ನಾನು ಹೋದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಒಳಗಿದ್ದವರು ಹತ್ತೋ ಹನ್ನೆರಡೋ ಮಂದಿ, ಅವರಲ್ಲಿ ಶಿಲುಬೆಯ ಗುರುತು ಹಾಕಿಕೊಂಡವರು ಅರ್ಧದಷ್ಟೂ ಇರಲಿಲ್ಲ. ನನ್ನ ಮುಂದಿನ ಬೆಂಚಿನ ಪಕ್ಕದಲ್ಲಿ ನಿಂತಿದ್ದ ಐವತ್ತರ ಪ್ರಾಯದ ಒಬ್ಬರು, ಚಪ್ಪಲಿ ಹೊರಗೆ ಬಿಟ್ಟು, ಬಾಳೆನಾರಿನಲ್ಲಿ ಕಟ್ಟಿದ ಒಂದು ಚೆಂಡು ಮಲ್ಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನೋಡುತ್ತಿದ್ದರು. ಗುಡಿಸುತ್ತಿದ್ದ ಹೆಂಗಸು ಪೊರಕೆಯನ್ನು ಗೋಡೆಗೊರಗಿಸಿ ಬಂದು ಜಾಗ ತೋರಿಸಿದರು. ಯಾವ ಊರು, ಯಾವ ಜಾತಿ ಎಂಬ ಮಾತೇ ಬರಲಿಲ್ಲ. ಹೊರಬಂದ ಮೇಲೆ ನಾನೇ ಮಾತಾಡಿಸಿದೆ. ಮಗನಿಗೆ ಆಪರೇಷನ್ ಆಗಿ ಹುಷಾರಾಗಿದ್ದಾನೆ, ಹರಕೆ ಇತ್ತು ಎಂದರು. "ಇಲ್ಲಿ ಏನೂ ಕೇಳುದಿಲ್ಲ ಮಾರಾಯ್ರೆ, ಬಂದು ಹೋದರಾಯ್ತು" ಎನ್ನುತ್ತ ಇಗರ್ಜಿಯ ಪುಷ್ಕರಿಣಿಯ ನೀರು ತುಂಬಿಸಿದ ಬಾಟಲಿಯನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡರು.

ಇಗರ್ಜಿಯ ಸೇವೆಯನ್ನು ಅಳೆಯುವುದಾದರೆ ನನ್ನ ಅಳತೆಗೋಲು ಇದೇ: ಒಳಗೆ ಬಂದವನನ್ನು ಅದು ಏನೂ ಕೇಳದೆ ಎಷ್ಟು ಹೊತ್ತು ಕೂರಲು ಬಿಡುತ್ತದೆ? ನಮ್ಮ ಕಡೆ ಚರ್ಚಿನ ಹೆಸರು ಹೇಳಿದರೆ ಮೊದಲು ನೆನಪಾಗುವುದು ಶಾಲೆ, ಕಾಲೇಜು, ಆಸ್ಪತ್ರೆಗಳು. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ 1880ರಲ್ಲಿ ಒಬ್ಬ ಜೆಸ್ವಿಟ್ ಪಾದ್ರಿ ಆಲದ ಮರದ ಕೆಳಗೆ ಹೋಮಿಯೋಪತಿ ಔಷಧಿ ಹಂಚತೊಡಗಿದ್ದರಲ್ಲಿದೆ. ಆ ಕಾಲಕ್ಕೆ ಅಂಥ ಕೆಲಸಕ್ಕೆ ಬೇರೆ ಕೈಗಳು ಕಡಿಮೆ ಇದ್ದವು. ಈಗ ಆಸ್ಪತ್ರೆ, ಶಾಲೆಗಳನ್ನು ನಡೆಸಲು ಸರ್ಕಾರವೂ ಇದೆ, ಟ್ರಸ್ಟುಗಳೂ ಇವೆ. ಹರಕೆ ತೀರಿಸಲು ಬಂದವನ ಮಲ್ಲಿಗೆಗೆ ಜಾಗ ತೋರಿಸುವ ಕೆಲಸವನ್ನು ಅವರಿಗೆ ವಹಿಸಲಾಗದು.

ಹೇಳಿಕೇಳಿ ಈ ಇಗರ್ಜಿಯ ಸಂತ ಲೆಕ್ಕ ನೋಡಿಕೊಳ್ಳುತ್ತಿದ್ದವನು. ರೋಮಿನಲ್ಲಿ ಬಡವರಿಗೆ ಹಣ ಹಂಚುವ ಹೊಣೆ ಹೊತ್ತಿದ್ದ ಲಾರೆನ್ಸನನ್ನು 258ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಕೊಲ್ಲಲಾಯಿತು. ಕ್ರೈಸ್ತ ಧರ್ಮಸಭೆಯ ಸಂಪತ್ತನ್ನೆಲ್ಲ ಒಪ್ಪಿಸೆಂದು ಅಧಿಕಾರಿ ಆಜ್ಞಾಪಿಸಿದಾಗ ಅವನು ಬಡವರನ್ನೂ ಅಂಗವಿಕಲರನ್ನೂ ಸಾಲಾಗಿ ತಂದು ನಿಲ್ಲಿಸಿದನೆಂಬುದು ಪರಂಪರೆಯ ಕಥೆ. ನಮ್ಮ ಚರ್ಚಿನ ಆ ರಿಜಿಸ್ಟರಿನ ಮುಂದೆ ಅವನನ್ನು ಕೂರಿಸಿದರೆ ಏನು ಮಾಡುತ್ತಿದ್ದನೋ!

ಇಷ್ಟರಿಂದ ಎಲ್ಲವೂ ನನಗೆ ಸಮಾಧಾನ ತಂದಿತೆಂದಲ್ಲ. ಬೇಡಿಕೊಳ್ಳುವುದಕ್ಕೆ ಅತ್ತೂರು ಒದಗುತ್ತದೆ. ಅನುಮಾನಗಳನ್ನು ಮಾತಾಡಿ ಬಗೆಹರಿಸಿಕೊಳ್ಳಬೇಕೆನ್ನುವ ನನ್ನ ಮಗಳ ಪ್ರಾಯದವರಿಗೆ ಹರಕೆಯೊಂದೇ ಸಾಲದು. ಹೆಣ್ಣುಮಕ್ಕಳೇಕೆ ಪಾದ್ರಿಗಳಾಗುವಂತಿಲ್ಲ ಎಂದು ಅವಳು ಕೇಳಿದ್ದಕ್ಕೆ ನಾನು ಈವರೆಗೆ ಕೇಳಿದ ಯಾವ ಪ್ರಬೋಧನೆಯಲ್ಲೂ ಅವಳಿಗೆ ಒಪ್ಪಿಗೆಯಾಗುವ ಉತ್ತರವಿರಲಿಲ್ಲ.

ಹೋಗುವವರಿಗೆ ಒಂದು ಮಾತು. ಸಾಂತ್ ಮಾರಿಯ ಸಡಗರವೇ ಬೇಕಿದ್ದರೆ ಜನವರಿಗೆ ಕಾಯಿರಿ, ಆಗ ಕೊಂಕಣಿಯ ಜೊತೆಗೆ ಕನ್ನಡದಲ್ಲೂ ಬಲಿಪೂಜೆಗಳು ನಡೆಯುತ್ತವೆ, ಅಸ್ವಸ್ಥರಿಗಾಗಿ ವಿಶೇಷ ಪ್ರಾರ್ಥನೆಯೂ ಇರುತ್ತದೆ. ಸುಮ್ಮನೆ ಕೂರಬೇಕೆಂದಿದ್ದರೆ ಮಳೆಗಾಲದ ವಾರದ ದಿನ ಹೋಗಿ. ಕೊಡೆಯನ್ನು ಬಾಗಿಲ ಬಳಿಯೇ ಬಿಡಿ, ನೆಲ ಒರೆಸುವವರಿಗೆ ಕೆಲಸ ಕಡಿಮೆಯಾಗುತ್ತದೆ.